ಐದು ಹೊಡೆದು ಬರೆದ ಆರು

ಹೋದ ತಿಂಗಳು ಸಿಂಧನೂರಿನ ಹಳೇ ಕಟ್ಟಿಗೆ ಅಡ್ಡೆಯಲ್ಲಿ ಬಾಗಿಲೊಂದನ್ನು ನೋಡುತ್ತ ನಿಂತುಬಿಟ್ಟೆ. ಮೇಲಿನ ನೀಲಿ ಬಣ್ಣ ಬಿಸಿಲಿಗೆ ಸಿಪ್ಪೆಯೆದ್ದಿತ್ತು. ಅದರ ಕೆಳಗೆ ಕೆಮ್ಮಣ್ಣಿನಲ್ಲಿ ಬರೆದ ಮನೆ ನಂಬರು, ೪೮. ನಂಬರಿನ ಕೆಳಗೊಂದು ಐದು, ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಸೊಟ್ಟನೆಯ ಆರು. ಉಗುರಿನಿಂದ ಕೆರೆದು ಮೂಸಿದೆ. ಐವತ್ತು ವರ್ಷದ ಮೇಲೆ ವಾಸನೆ ಎಲ್ಲಿ ಉಳಿದಿರುತ್ತದೆ... ಆದರೂ ನನ್ನ ಮೂಗಿಗೆ ಅಗಸೆ ಎಣ್ಣೆ ಬಡಿಯಿತು. ಅದರ ಬೆನ್ನಿಗೇ ಮುನ್ಶಿ ಸಾಹೇಬರು ಬಂದರು.

ಮಸ್ಕಿಯವರು ಅವರು. ನಿಜಾಮರ ಕಾಲದಿಂದ ಕಂದಾಯ ಕಚೇರಿಯಲ್ಲಿ ಬರೆದು ಬರೆದು ಮುಪ್ಪಾಗಿದ್ದರು. ಕಾಲುವೆ ನೀರಿಗೆ ಭತ್ತ ಬೇರೂರಿದ್ದ ಆ ವರ್ಷಗಳಲ್ಲಿ ನಮ್ಮ ಕಡೆಗೆ ಮನಸ್ಸಿನ ಬೇನೆಯ ಸರ್ವೆಯೊಂದು ಬಂತು. ಹಲವು ದೇಶಗಳಲ್ಲಿ ಅವೇ ಪ್ರಶ್ನೆ ಹಿಡಿದು ಮನೆಮನೆ ಕೇಳುವ ಕೆಲಸ. ಕೇಳಲು ಲಿಂಗಸುಗೂರಿನ ನನ್ನನ್ನು, ನನ್ನನ್ನು ನೋಡಿಕೊಳ್ಳಲು ಅವರನ್ನು ಹಾಕಿದರು. ನನಗೋ ಇಪ್ಪತ್ತೆರಡು, ಮೂಗಿನ ತುದಿಯಲ್ಲೇ ಸಿಟ್ಟು. ಅವರದು ಉಡದ ಪಟ್ಟು. ಊರಿನ ಅಷ್ಟೂ ಬಾಗಿಲಿಗೆ ನಂಬರು ಬರೆಯಬೇಕು, ಕೆಳಗೆ ಆ ಮನೆಯಲ್ಲಿ ದೊಡ್ಡವರೆಷ್ಟು ಮಂದಿ ಎಂದು ಬರೆಯಬೇಕು, ಆಮೇಲೆ ಚೀಟಿಯಲ್ಲಿ ಬಂದ ಮನೆಯಿಂದ ಹಿಡಿದು ಪ್ರತಿ ಎಂಟನೇ ಮನೆಗೆ ಹೋಗಬೇಕು. ಮಳೆಗೆ ಅಳಿಯಬಾರದೆಂದು ಕೆಮ್ಮಣ್ಣಿಗೆ ಅಗಸೆ ಎಣ್ಣೆ ಕಲಸುತ್ತಿದ್ದರು. ಬಾಗಿಲು ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗೋಣವೆಂದು ನಾನು ದಿನಕ್ಕೊಮ್ಮೆ ಕೊಸರಾಡುತ್ತಿದ್ದೆ.

"ಬದಲಿ ಮನಿ ಇಲ್ಲ ಬೇಟಿ. ನಾವು ಹುಡುಕೋದು ಬಾಗಲಾ ಹಾಕ್ಕೊಂಡ ಮನ್ಯಾಗ ಇರತೈತಿ," ಅನ್ನುತ್ತಿದ್ದರು.

ಮನೆಯೊಳಗೆ ಯಾರನ್ನು ಕೇಳಬೇಕೆಂಬುದೂ ನಮ್ಮ ಇಷ್ಟವಲ್ಲ. ಒಂದೊಂದು ಫಾರಮ್ಮಿನ ತಲೆಯ ಮೇಲೆ ಒಂದೊಂದು ಬಗೆ ಅಚ್ಚಾಗಿರುತ್ತಿತ್ತು. ನಲವತ್ತೆಂಟನೇ ಮನೆಗೆ ಬಂದ ಫಾರಂ ಹೀಗಿತ್ತು: ಐದು ಮಂದಿಯಿದ್ದರೆ ಹಿರಿಯ ಗಂಡಸನ್ನು ಕೇಳು, ಆರು ಮಂದಿಯಿದ್ದರೆ ಕಿರಿಯ ಹೆಂಗಸನ್ನು.

ದಢೇಸುಗೂರಿನ ಕಡೆ, ಕಾಲುವೆ ದಂಡೆಯ ಊರು ಅದು. ಯಜಮಾನ ಐದು ಮಂದಿ ಎಂದು ಬರೆಸಿದ್ದ: ಮುದುಕಿ ತಾಯಿ, ತಾನು, ತನ್ನ ಹೆಂಡತಿ, ಇಬ್ಬರು ತಮ್ಮಂದಿರು. ಹಾಗಾಗಿ ಅವನನ್ನೇ ಕೂರಿಸಿಕೊಂಡು ಕೇಳಿದೆ. ನಿದ್ದೆ ಬರುತ್ತದೆಯೇ, ಸಾಯಬೇಕು ಅನ್ನಿಸಿದೆಯೇ... ಮೀಸೆಯಲ್ಲೇ ನಗುತ್ತ ಉತ್ತರ ಕೊಟ್ಟ. ನಡುವೆ ಹೊಟ್ಟಿನ ಕೋಣೆಯಿಂದ ಸರಪಳಿ ಎಳೆದ ಸಪ್ಪಳವಾಯಿತು. ನಾನು ಅತ್ತ ತಿರುಗಿದೆ.

"ಎತ್ತು ರೀ," ಅಂದ.

ಎತ್ತು ಎರಡೂ ತೆರೆದ ಬಾಗಿಲಾಚೆ, ಅಂಗಳದ ಬೇವಿನ ಮರದ ಕೆಳಗೆ ಮೆಲುಕು ಹಾಕುತ್ತಿದ್ದವು. ನೋಡಿದೆ. ನೋಡಿಯೂ ಮುಂದಿನ ಪ್ರಶ್ನೆ ಓದಿದೆ. ಅವನ ಕೈಗಳನ್ನು ಕಂಡು ಹೆದರಿದ್ದೆ, ಈಗ ಅದನ್ನು ಮುಚ್ಚಿಡುವುದೇನು.

ಚಾವಡಿಯಲ್ಲಿ ಫಾರಂ ತಿರುವುತ್ತ ಸಾಹೇಬರು, ಮತ್ತೇನು ನೋಡಿದಿ ಎಂದು ರೂಢಿಯಂತೆ ಕೇಳಿದರು. ನಗೆಯಾಟಕ್ಕೆಂಬಂತೆ ಎತ್ತಿನ ಮಾತು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಎತ್ತು ಹೊರಗ ಇದ್ವು ಅಂತೀ. ಮತ್ತ ಸರಪಳಿ ಯಾರದು?" ಫಾರಮ್ಮಿನ ತಲೆಯ ಮೇಲೆ ಬೆರಳಿಟ್ಟರು. "ಅಲ್ಲಿ ಆರು ಮಂದಿ ಅದಾರ ಬೇಟಿ. ಆರಾದ್ರ ಕಿರಿ ಹೆಣ್ಣಮಗಳನ್ನ ಕೇಳು ಅಂತೈತಿ ಫಾರಂ, ಚೀಟಿ ಆಕಿಗೆ ಬಿದ್ದೈತಿ."

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಸಾಹೇಬರು ಸಲಾಮು ಮಾಡಿ ಒಳಹೊಕ್ಕವರೇ ನೆಟ್ಟಗೆ ಹೋಗಿ ಹೊಟ್ಟಿನ ಕೋಣೆಯ ಅಗಳಿ ಸರಿಸಿದರು. ಒಳಗೆ ಒಬ್ಬ ಹೆಂಗಸು. ಕಾಲಿಗೆ ಎತ್ತಿನ ಸರಪಳಿ, ಕಣಕಾಲಿನ ಗಾಯದಲ್ಲಿ ಎಲುಬು ಕಾಣುತ್ತಿತ್ತು. ಬೆನ್ನ ತುಂಬ ಬಾರುಕೋಲಿನ ಬಾಸುಂಡೆ, ಹಳೆಯದರ ಮೇಲೆ ಹೊಸದು.

"ನಡುವಿನವನ ಹೇಣ್ತಿ ರೀ. ಕೂಸು ಸತ್ತ ಮ್ಯಾಲ ತಲಿ ಕೆಟ್ಟೈತಿ," ಎಂದು ಮುದುಕಿ ಮೂಲೆಯಿಂದ ಗೊಣಗಿದಳು.

ಸಾಹೇಬರು ಆ ಹೊಟ್ಟಿನಲ್ಲೇ ಕುಂತು ಮೊದಲ ಪ್ರಶ್ನೆ ಕೇಳಿದರು: "ಅವ್ವಾ, ನಿನ್ನ ಹೆಸರೇನು?"

ಆಕೆ ಹೇಳಿದಳು. ಅವರು ಬರೆದುಕೊಂಡರು.

ಎರಡನೇ ಪ್ರಶ್ನೆ ಕೇಳಲಾಗಲಿಲ್ಲ. ಯಜಮಾನನ ಬಂಡಿಗೂಟ ಅವರ ಬಲಗೈ ಮೇಲೆ ಬಿತ್ತು. ಜೋಳದ ದಂಟು ಮುರಿದಂತೆ ಎಲುಬು ಮುರಿದದ್ದು ನನಗೆ ಕೇಳಿಸಿತು. ಮುಂದಿನ ಏಟು ಕಿವಿಗೆ. ಕಿರಿಯ ತಮ್ಮ ನನ್ನ ಜಡೆ ಹಿಡಿದು ಅಂಗಳಕ್ಕೆ ಎಳೆದು ಹೊಟ್ಟೆಗೆ ಒದ್ದ. ಮಂದಿ ಮಾಳಿಗೆಗಳ ಮೇಲೆ ನಿಂತು ನೋಡಿದರು, ಒಬ್ಬನೂ ಇಳಿಯಲಿಲ್ಲ. ಅವರ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ.

ಸಾಹೇಬರು ಫಾರಂ ಹಲ್ಲಲ್ಲಿ ಕಚ್ಚಿಕೊಂಡು ತೆವಳುತ್ತ ಹೊರಬಂದರು. ಕಿವಿಯಿಂದ ರಕ್ತ ಅಂಗಿಗೆ ಇಳಿಯುತ್ತಿತ್ತು. ಬಾಗಿಲು ಧಡ್ಡನೆ ಮುಚ್ಚಿತು. ಅವರು ಎದ್ದು ನಿಂತು ನನ್ನ ಕಡೆ ತಿರುಗಿ, "ಕೆಮ್ಮಣ್ಣಿನ ಡಬ್ಬಿ ಕೊಡು," ಅಂದರು. ಎಡಗೈಯಲ್ಲಿ ಕುಂಚ ಹಿಡಿದು ಐದರ ಮೇಲೆ ಗೆರೆ ಹೊಡೆದರು. ಪಕ್ಕದಲ್ಲಿ ಆರು ಬರೆಯುತ್ತಿರುವಾಗ ಮಾಳಿಗೆಯಿಂದ ಕಲ್ಲು ಬಂದು ಬೆನ್ನಿಗೆ ಬಡಿಯಿತು. ಅದು ಸೊಟ್ಟಾದದ್ದು ಆಗಲೇ.

ಪೊಲೀಸರನ್ನು ಕರೆತರುವಷ್ಟರಲ್ಲಿ ಮರುದಿನವಾಗಿತ್ತು. ಕೋಣೆಯಲ್ಲಿ ಒಂದು ಹಿಡಿ ಹೊಟ್ಟೂ ಇರಲಿಲ್ಲ, ನೆಲ ಸಾರಿಸಿತ್ತು. ಬಾಗಿಲಿಗೆ ಬಳಿದ ನೀಲಿ ಬಣ್ಣ ಇನ್ನೂ ಹಸಿಯಿತ್ತು.

"ನಾವು ಐದ ಮಂದಿ ರೀ," ಅಂದ ಯಜಮಾನ. ಊರೂ ಹೌದೆಂದಿತು.

ನಾಲ್ಕು ದಿನಕ್ಕೆ ಕಾಲುವೆಯ ತೂಬಿನಲ್ಲಿ ಹೆಣ್ಣಿನ ಹೆಣವೊಂದು ಸಿಕ್ಕಿಕೊಂಡಿತು. ಮುಖ ಗುರುತಾಗುವಂತಿರಲಿಲ್ಲ. ಸಾಹೇಬರು ಕಣಕಾಲು ನೋಡಿ ಆಕೆಯೇ ಅಂದರು. ಊರಲ್ಲಿ ಯಾರೂ ನಮ್ಮವಳು ಅನ್ನಲಿಲ್ಲ, ಕೇಸು ಅಲ್ಲಿಗೇ ಮುಗಿಯಿತು. ಮೇಲಿನವರಿಂದ ಪತ್ರ ಬಂತು: ಫಾರಂ ಅಪೂರ್ಣವಾಗಿದೆ, ಪಕ್ಕದ ಮನೆ ತೆಗೆದುಕೊಳ್ಳಿ. ಸಾಹೇಬರು ಎಡಗೈಯಲ್ಲೇ ಉತ್ತರ ಬರೆದರು, ಈ ಮನೆಗೆ ಬದಲಿ ಮನೆ ಇಲ್ಲವೆಂದು. ಅವರ ಕೆಲಸ ಹೋಯಿತು.

ಎರಡು ವರ್ಷದ ಮೇಲೆ ಮಸ್ಕಿಗೆ ಹೋಗಿ ಅವರನ್ನು ಕಂಡೆ. ಬಲಗೈ ಒಣಗಿತ್ತು, ಒಂದು ಕಿವಿ ಸತ್ತಿತ್ತು. ನನ್ನ ಎದೆಯಲ್ಲಿ ಕುದಿಯುತ್ತಿದ್ದುದನ್ನು ಕೂಗಿಯೇ ಕೇಳಬೇಕಾಯಿತು.

"ಮೊದಲನೇ ದಿನಾನ ನಾ ಬಾಯಿ ಬಿಟ್ಟಿದ್ರ ಆಕಿ ಉಳೀತಿದ್ಲೇನ್ರಿ ಸಾಹೇಬ್ರ?"

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾ ಆಕಿನ್ನ ಎಣಿಸಿದೆ ಬೇಟಿ," ಅಂದರು. "ಎಣಿಸಿ, ಅಲ್ಲೇ ಬಿಟ್ಟು ಬಂದೆ."

ಮತ್ತೆ ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣಾಗಿ ತಿಂಗಳಾಗಿತ್ತು...

ಅಡ್ಡೆಯವನು ಹತ್ತಿರ ಬಂದು, "ಉಜ್ಜಿ ಬಣ್ಣ ಹೊಡೆದ್ರ ಹೊಸಾದು ಆಗತೈತ್ರಿ ಅವ್ವಾರ," ಅಂದ.

"ಉಜ್ಜಬ್ಯಾಡಪ್ಪ. ಇದ್ದಂಗ ಕೊಡು."

"ಏನ್ರಿ ಅದು, ಆರು?"

ಆ ಮನೆಯಲ್ಲಿ ಇಂಥವಳೊಬ್ಬಳಿದ್ದಳು ಎಂದು ಹೆಸರು ಹಿಡಿದೇ ಹೇಳಬೇಕೆನಿಸಿತು. ಆಕೆ ಹೇಳಿದಾಗ ನಾನೂ ಅಲ್ಲೇ ನಿಂತು ಕೇಳಿಸಿಕೊಂಡಿದ್ದೆ. ಎಷ್ಟು ತಡಕಾಡಿದರೂ ಬಾಯಿಗೆ ಬರಲಿಲ್ಲ. ಅದನ್ನು ಬರೆದುಕೊಂಡವರು ಮುನ್ಶಿ ಸಾಹೇಬರೊಬ್ಬರೇ.