ವಂದನಾರ್ಪಣೆಯ ನಂತರ

ನನ್ನ ಗಂಡ ಕಾಗದದ ಮಿಲ್ಲಿನಿಂದ ನಿವೃತ್ತರಾಗಿ ವರ್ಷ ತುಂಬುವುದರೊಳಗೆ ನಳಕ್ಕೆ ಧನ್ಯವಾದ ಹೇಳುವಷ್ಟು ದೊಡ್ಡ ಮನುಷ್ಯರಾದರು. ಬೆಳಿಗ್ಗೆ ನಳ ತಿರುಗಿಸಿ, ನೀರು ಬಿದ್ದ ಕೂಡಲೇ ಕಣ್ಣು ಮುಚ್ಚಿ ಕೈ ಜೋಡಿಸಿ ನಿಲ್ಲುವರು. ಬಕೆಟ್ಟು ತುಂಬಿ ಅಂಗಳಕ್ಕೆಲ್ಲ ಹರಿದರೂ ಅವರ ಕೃತಜ್ಞತೆ ಮುಗಿಯುತ್ತಿರಲಿಲ್ಲ. ಪಕ್ಕದ ಗ್ಯಾರೇಜಿನವರ ಹೆಂಡತಿ ಕಂಪೌಂಡಿನ ಆಚೆಯಿಂದ ಇದನ್ನು ನೋಡಿ ನೋಡಿ, ಒಂದು ದಿನ ನನ್ನನ್ನು ಮೆಲ್ಲಗೆ ಕರೆದು, ಭಾಯಿಸಾಬರು ನಳದ ಜೊತೆ ಮಾತಾಡುತ್ತಾರಲ್ಲ, ಆರಾಮಿದ್ದಾರೋ ಇಲ್ಲವೋ ಎಂದು ಕೇಳಿದಳು. ಬಹಳ ಆರಾಮಿದ್ದಾರೆ, ಅದೇ ತ್ರಾಸು ಎಂದೆ.

ಮೊದಮೊದಲು ಹೀಗಿರಲಿಲ್ಲ. ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಎದ್ದು ಕೂಡುವರು, ಹೋಗಲು ಎಲ್ಲಿಯೂ ಇಲ್ಲವೆಂದು ನೆನಪಾಗಿ ನನ್ನ ಮೇಲೆ ಹರಿಹಾಯುವರು. ಆಗ ಅವರ ಜೊತೆಯಲ್ಲೇ ನಿವೃತ್ತರಾದ ಗೆಳೆಯರೊಬ್ಬರು ಗಣೇಶಗುಡಿ ಎಂಬ ಊರಿನ ಒಂದು ಹೋಂಸ್ಟೇಗೆ ಕರೆದುಕೊಂಡು ಹೋದರು. ನಿವೃತ್ತರಿಗೆ ನೆಮ್ಮದಿ ಕಲಿಸುವ ಶಿಬಿರವಂತೆ. ಕಲಿಸುವವನು ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲದ, ಜೀವಮಾನದಲ್ಲಿ ಒಂದು ದಿನವೂ ನಿವೃತ್ತನಾಗಿರದ ಮನುಷ್ಯ. ಇಲ್ಲದ್ದನ್ನು ಎಣಿಸಬೇಡಿ, ಇದ್ದದ್ದಕ್ಕೆ ಧನ್ಯವಾದ ಹೇಳಿ, ತೃಪ್ತಿ ತಾನಾಗಿ ಬರುತ್ತದೆ ಎಂದು ಅವನು ಹೇಳಿಕೊಟ್ಟ. ಇವರು ಅದನ್ನು ಮನೆಗೆ ಹೊತ್ತು ತಂದರು. ನಳ ಆಯಿತು, ಗ್ಯಾಸ್ ಸಿಲಿಂಡರ್ ಆಯಿತು, ಆಮೇಲೆ ನನ್ನ ರೊಟ್ಟಿಯ ಸರದಿ ಬಂತು.

ಧಾರವಾಡದ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಮದುವೆಯಾಗಿ ಬಂದ ದಿನದಿಂದ ನಾನು ರೊಟ್ಟಿ ಬಡಿಯುತ್ತಿದ್ದೇನೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ, ಯಾವುದಿದ್ದರೂ ಡಬ್ಬಿಯಲ್ಲಿ ರೊಟ್ಟಿ ಇರಲೇಬೇಕಿತ್ತು. ಇವರ ನೌಕರಿ ಮುಗಿದರೆ ನನ್ನದೂ ಅರ್ಧದಷ್ಟಾದರೂ ಮುಗಿಯುತ್ತದೆ ಎಂದು ನಾನು ಒಳಗೊಳಗೇ ದಿನ ಕಾಯುತ್ತಿದ್ದೆ. ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ಹಳಿಯಾಳದ ಡಾಕ್ಟರರು ಒತ್ತಿ ನೋಡಿ, ಇನ್ನು ರೊಟ್ಟಿ ಬಡಿಯುವುದು ಬಿಡಬೇಕು ಎಂದಿದ್ದರು. ಅದನ್ನು ಇವರಿಗೆ ಹೇಳಿದೆ. ಇವರು ಗಂಭೀರವಾಗಿ ಕೇಳಿಸಿಕೊಂಡು, ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಈ ಕೈಗೆ ಧನ್ಯವಾದ ಎಂದರು. ನಂತರ ಕಣ್ಣು ತೆರೆದು ಊಟಕ್ಕೆ ಕೂತರು. ನನಗೆ ಮೈಯೆಲ್ಲ ಉರಿದು ಹೋಯಿತು, ಆದರೂ ರೊಟ್ಟಿ ಬಡಿದು ಹಾಕಿದೆ.

ಸನವಳ್ಳಿಯಲ್ಲಿರುವ ತಂಗಿಗೆ ಫೋನು ಮಾಡಿ ಅತ್ತುಕೊಂಡರೆ, ಅವಳು ನನ್ನನ್ನೇ ಪುಣ್ಯವಂತೆ ಎಂದಳು. ಅವಳ ಗಂಡ ಊಟ ಮಾಡಿ ತಾಟಿನಲ್ಲೇ ಕೈ ತೊಳೆದು ಎದ್ದು ಹೋಗುತ್ತಾನಂತೆ, ಒಂದು ಮಾತಿಲ್ಲವಂತೆ. ನನ್ನವರೂ ಕೈ ತೊಳೆಯುವುದು ತಾಟಿನಲ್ಲೇ, ಮೊದಲು ಭಾಷಣ ಮಾಡುತ್ತಾರೆ ಅಷ್ಟೇ ಎಂದು ಫೋನು ಇಟ್ಟೆ.

ಮುಂದಿನ ಶಿಬಿರಕ್ಕೆ ಹೆಂಡಂದಿರನ್ನೂ ಕರೆತರಬೇಕೆಂದು ಅಪ್ಪಣೆಯಾಯಿತು. ಟೆಂಪೋದಲ್ಲಿ ಗಣೇಶಗುಡಿಗೆ ಹೋದೆವು. ಕೆಳಗೆ ಹೊಳೆಯಲ್ಲಿ ರಬ್ಬರ್ ದೋಣಿಯವರು ಕಿರುಚಿಕೊಂಡು ಹೋಗುತ್ತಿದ್ದರು. ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾವು, ಎದುರಿಗೆ ಮೈಕು. ಗಂಡಂದಿರು ಒಬ್ಬೊಬ್ಬರಾಗಿ ಬಂದು ಹೆಂಡತಿಯ ಉಪಕಾರ ನೆನೆಯಬೇಕು. ಮೊದಲು ಎದ್ದವರು ನನ್ನವರೇ. ಎಲ್ಲ ಪಾಳಿಗೂ ಡಬ್ಬಿ ಕಟ್ಟಿದಳು, ಜ್ವರವಿದ್ದಾಗಲೂ ತಪ್ಪಿಸಲಿಲ್ಲ ಎಂದು ನನ್ನ ಜ್ವರದ ಲೆಕ್ಕವನ್ನೂ ತಮ್ಮ ತೃಪ್ತಿಗೆ ಸೇರಿಸಿಕೊಂಡು, ಕೊನೆಗೆ ಹೃತ್ಪೂರ್ವಕ ಧನ್ಯವಾದಗಳು ಎಂದು ಮುಗಿಸಿದರು.

ನಮ್ಮ ಮನೆಗಳಲ್ಲಿ ಈ ಶಬ್ದವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನಮಗೆ ಅದು ಮೈಕಿನಿಂದ ಬರುವ ಶಬ್ದ, ವಂದನಾರ್ಪಣೆಯ ಶಬ್ದ. ಕಾಲೊನಿಯ ಗಣಪತಿಯಿರಲಿ, ಯಾರದೋ ಬೀಳ್ಕೊಡುಗೆಯಿರಲಿ, ಧನ್ಯವಾದಗಳು ಎಂದು ಕೇಳಿದ ಕೂಡಲೇ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಹಾಗೆಯೇ ಆಯಿತು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟೆವು. ಇಬ್ಬರು ಆಗಲೇ ಊಟದ ಕಡೆ ಹೋಗಿ ತಾಟು ಒರೆಸತೊಡಗಿದ್ದರು. ಕಲಿಸುವವನು ಗಾಬರಿಯಾಗಿ ಮೈಕು ಹಿಡಿದು ಓಡಿಬಂದು, ಮುಗಿದಿಲ್ಲ, ಈಗಷ್ಟೇ ಶುರುವಾಗಿದೆ, ಕೂತುಕೊಳ್ಳಿ ಎಂದ. ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು.

"ನಮ್ಮ ಕಡೆ ಧನ್ಯವಾದ ಹೇಳಿದ್ರ ಕಾರ್ಯಕ್ರಮ ಮುಗಿದಂಗರೀ," ಎಂದೆ. "ಅವರು ಹೇಳ್ಯಾರ. ನಂದ ಮುಗೀತು."

ಅವನು ಅದನ್ನು ಚೇಷ್ಟೆ ಎಂದುಕೊಂಡು ಚಪ್ಪಾಳೆ ಹೊಡೆದ. ನನ್ನವರು ಎಲ್ಲರಿಗಿಂತ ಜೋರಾಗಿ ಹೊಡೆದರು.

ಮರುದಿನ ನಾನು ಹಂಚು ಇಡಲಿಲ್ಲ. ಅನ್ನ, ಸಾರು ಮಾಡಿದೆ. ರೊಟ್ಟಿ ಎಲ್ಲಿ ಎಂದು ಕೇಳಿದರು, ನಿನ್ನೆ ಮೈಕಿನಲ್ಲಿ ನೀವೇ ಮುಗಿಸಿದಿರಲ್ಲ ಎಂದೆ. ಸಿಟ್ಟು ಮಾಡಿಕೊಂಡು ಪೇಟೆಗೆ ಹೋಗಿ ಖಡಕ್ ರೊಟ್ಟಿಯ ಕಟ್ಟು ತಂದರು. ಅದಕ್ಕೆ ಧನ್ಯವಾದ ಹೇಳಲು ಅವರ ಹಲ್ಲು ಒಪ್ಪಲಿಲ್ಲ. ದಿನಗಳು ಹೋದಂತೆ ಸಿಲಿಂಡರಿನ ಕೃತಜ್ಞತೆ ನಿಂತಿತು, ನಳದ್ದೂ ನಿಂತಿತು. ಮನೆಯಲ್ಲಿ ಮಾತು ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ಹೆದರಿಕೆಯಿತ್ತು. ಅವರ ಬಗ್ಗೆಯಲ್ಲ, ನನ್ನ ಬಗ್ಗೆಯೇ. ಊಟದ ಹೊತ್ತಾದರೆ ಕೈ ತಾನೇ ಹಿಟ್ಟಿನ ಡಬ್ಬಿಯ ಕಡೆ ಹೋಗುತ್ತಿತ್ತು. ಇವತ್ತೊಂದು ದಿನ ಮಾಡಿದರೆ ಸಾಯುವವರೆಗೂ ಮಾಡಬೇಕು ಎಂದು ಅದನ್ನು ಗದರಿಸಿ ಕೂರಿಸುತ್ತಿದ್ದೆ.

ಒಂದು ಮಧ್ಯಾಹ್ನ ಒಳಗೆ ದಬದಬ ಸಪ್ಪಳವಾಯಿತು. ಹೋಗಿ ನೋಡಿದರೆ ಇವರು ನೀರು ಕಾಸಿ ಹಿಟ್ಟು ನಾದಿದ್ದರು. ಮೀಸೆಗೆ ಹಿಟ್ಟು, ಕಟ್ಟೆಯ ತುಂಬ ಹಿಟ್ಟು, ನೆಲದ ಮೇಲೂ ಹಿಟ್ಟು. ಎಸರು ಸಾಲದೆ ಹಿಟ್ಟು ಬಿರಿಯುತ್ತಿತ್ತು. ಹೇಳಿಕೊಡಬೇಕೆಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡು ಸ್ಟೂಲಿನ ಮೇಲೆ ಕೂತೆ. ಮೊದಲನೆಯದು ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿಗೆ ಅಂಟಿತು. ಮೂರನೆಯದನ್ನು ಕರುಣೆಯಿದ್ದವರು ರೊಟ್ಟಿ ಎನ್ನಬಹುದಿತ್ತು. ಅದನ್ನು ತಾಟಿಗೆ ಹಾಕಿ ನನ್ನ ಮುಂದೆ ಇಟ್ಟು, ಸುಟ್ಟ ಬೆರಳಿಗೆ ಗಾಳಿ ಊದಿಕೊಳ್ಳುತ್ತ ನನ್ನ ಮುಖ ನೋಡುತ್ತ ನಿಂತರು. ಯಾವ ಶಬ್ದಕ್ಕೆ ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಹೇಳಲಿಲ್ಲ.

ರೊಟ್ಟಿ ದಪ್ಪಗಿತ್ತು, ಒಂದು ಕಡೆ ಕರಕಾಗಿ ಇನ್ನೊಂದು ಕಡೆ ಹಸಿಯಾಗಿತ್ತು. ಆದರೆ ಕೈ ಸುಡುವಷ್ಟು ಬಿಸಿಯಿತ್ತು. ಬಡಿಯುವವಳ ತಾಟಿಗೆ ಬಿಸಿ ರೊಟ್ಟಿ ಬರುವುದಿಲ್ಲ. ಎಲ್ಲರದೂ ಆಗಿ, ಹಂಚು ಇಳಿಸಿ, ಉಳಿದದ್ದನ್ನು ತಿಂದು ಬಂದವಳು ನಾನು. ಒಂದು ಚೂರೂ ಬಿಡದೆ ತಿಂದು, ಕೂತಲ್ಲಿಂದಲೇ ತಾಟು ಮುಂದೆ ಚಾಚಿದೆ.

"ಇನ್ನೊಂದ ಹಾಕ್ರಿ," ಎಂದೆ.

ರೊಟ್ಟಿ ಚಲೋ ಆಗಿತ್ತು ಅಂತಲ್ಲ. ಒಮ್ಮೆಯಾದರೂ ಹಾಗೆ ಕೂತು ಕೇಳಬೇಕು ಎಂದು ಮದುವೆಯಾದಾಗಿನಿಂದ ನನಗೆ ಆಸೆಯಿತ್ತು.