ಬೆಲ್ಟಿಗೆ ಸುತ್ತಿದ ಹಾರ

ನಾನು ನರೇಗಲ್ಲಿನ ಒಂದು ಗೋದಾಮಿನಲ್ಲಿ ಹಮಾಲ. ನನಗೆ ಸಿಟ್ಟು ಬೇಗ, ನಗು ಅದಕ್ಕಿಂತ ಬೇಗ. ಚೀಲಗಳನ್ನು ಮೇಲೇರಿಸುವ ಕರೆಂಟಿನ ಬೆಲ್ಟ್ ಬಂದ ವರ್ಷ ನಾವು ಅದಕ್ಕೆ ಅಳಿಯನ ಉಪಚಾರ ಮಾಡಿದೆವು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ತೊಳೆದು, ಕುಂಕುಮ ಹಚ್ಚಿದೆವು. ನಮ್ಮ ಮುಖಂಡ ಚಾಚಾ ಬುಡದಿಂದ ತುದಿಯವರೆಗೆ ಚೆಂಡುಹೂವಿನ ಹಾರ ಸುತ್ತಿದರು.

ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಆ ಹಾರ ತೆಗೆಯುವಂತಿಲ್ಲ. ಆದರೆ ಬೆಳಿಗ್ಗೆಯೇ ಬೆಳವಣಕಿಯಿಂದ ಹೆಸರುಕಾಳಿನ ಲಾರಿ ಬಂತು, ಮೋಡವೂ ಕವಿದಿತ್ತು.

“ಹಾರ ಇದ್ರ ಇರ್ಲಿ, ಚಾಲೂ ಮಾಡ್ರಿ,” ಎಂದರು ಚಾಚಾ.

ಹೂ ಮುಡಿದ ಯಂತ್ರ ಗಡಗಡ ಹೊರಟಾಗ ಎಲ್ಲರೂ ಸಿಳ್ಳೆ ಹೊಡೆದೆವು. ಚೀಲಗಳು ಮೈತುಂಬ ಎಸಳು ಹೊತ್ತು ಮೇಲೇರುತ್ತಿದ್ದವು. ಅಷ್ಟರಲ್ಲಿ ಹಾರದ ತುದಿ ಜಾರಿ ಕೆಳಗಿನ ರೋಲರಿನತ್ತ ಹೋಯಿತು. ಪೂಜೆಯ ಹೂ ಅರೆದುಹೋಗಬಾರದೆಂದು ನಾನು ಕೈ ಹಾಕಿದೆ. ದಾರ ಬೆರಳಿಗೆ ಸುತ್ತಿಕೊಂಡು ಬಲಗೈಯನ್ನೇ ಒಳಗೆಳೆಯಿತು.

“ಚಾಚಾ, ಬಂದ್ ಮಾಡ್ರಿ,” ಎಂದು ಕೂಗಿದೆ.

ಡೊಳ್ಳುಹೊಟ್ಟೆಯ ಚಾಚಾ ಚೀಲಗಳ ಮೇಲಿಂದ ಹಾರಿ ಸ್ವಿಚ್ ಆರಿಸಿದರು. ಬೆಲ್ಟನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದರು. ಕೈ ತುಂಬ ರಕ್ತ, ರಕ್ತದ ತುಂಬ ಹೂ. ಆದರೂ ಕೈ ಮಣಿಕಟ್ಟಿಗೆ ಅಂಟಿಕೊಂಡೇ ಇತ್ತು. ಅದನ್ನು ಕಂಡು ನನಗೆ ತಡೆಯಲಾರದಷ್ಟು ನಗು ಬಂತು. ಟೆಂಪೋದಲ್ಲಿ ರೋಣದ ದವಾಖಾನೆ ಮುಟ್ಟುವವರೆಗೂ ನಕ್ಕೆ.

“ತಲಿಗೂ ಪೆಟ್ಟು ಬಿದ್ದೈತೇನ್ ನೋಡ್ರಿ,” ಎಂದು ಚಾಚಾ ಡಾಕ್ಟರಮ್ಮನಿಗೆ ಹೇಳಿದರು.

ಆಕೆ ಗಾಯದೊಳಗಿನ ಎಸಳು ಆರಿಸಿ ತೆಗೆದು, ಹೊಲಿಗೆ ಹಾಕಿದರು. ಕೆಲವು ವಾರಗಳ ನಂತರ ಪಟ್ಟಿ ಬಿಚ್ಚುವ ದಿನ ಇಡೀ ಹಮಾಲರ ತಂಡ ಬಾಗಿಲಲ್ಲಿ ನಿಂತಿತ್ತು. ಮುಷ್ಟಿ ಕಟ್ಟಲು ಬಂದರೆ ಚೀಲ ಹಿಡಿಯಬಹುದು, ಬಾರದಿದ್ದರೆ ಹಮಾಲಿಯೇ ಮುಗಿಯಿತು. ನನ್ನ ಬಾಯಲ್ಲಿ ಮಾತ್ರ ಮತ್ತೆ ಅದೇ ಹಾಳು ನಗು.

“ಒಂದೊಂದ ಬೆರಳ ಮಡಚ್ರಿ, ನೋಡೂಣು,” ಎಂದರು ಡಾಕ್ಟರಮ್ಮ.

ಹೆಬ್ಬೆರಳು ಮಡಚಿದೆ. ಬಾಗಿಲಲ್ಲಿ ಎಲ್ಲರೂ ತಮಗರಿಯದೆ ತಮ್ಮ ಹೆಬ್ಬೆರಳು ಮಡಚಿದರು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮಡಚಿದಾಗಲೂ ಹಾಗೆಯೇ ಮಾಡಿದರು. ಕಿರುಬೆರಳು ಮಾತ್ರ ಎಷ್ಟು ತಿಣುಕಿದರೂ ನೆಟ್ಟಗೇ ನಿಂತಿತು.

“ಇಷ್ಟ ಸಾಕ್ರಿ, ಚೀಲ ಎತ್ತತೀರಿ,” ಎಂದರು ಆಕೆ.

ನಾನು ಗೆದ್ದವನಂತೆ ಕೈ ಎತ್ತಿ ಬಾಗಿಲ ಕಡೆ ತಿರುಗಿದೆ. ಅಲ್ಲಿ ಒಬ್ಬರೂ ಕಿರುಬೆರಳು ಮಡಚಿರಲಿಲ್ಲ.