ರಾಚಯ್ಯನವರ ಆರು ಕಿಸೆಯ ಚೀಲ

ಐತವಾರ ಬೆಳಿಗ್ಗೆ ಉಮರ್ಗಾದ ಮೈದಾನಕ್ಕೆ ಹೊಸದಾಗಿ ಬಂದವರಿಗೆ, ರಗ್ಬಿ ಆಟಕ್ಕಿಂತ ಮೊದಲು ನಡೆಯುತ್ತಿದ್ದ ಒಂದು ಕೆಲಸ ವಿಚಿತ್ರವಾಗಿ ಕಾಣುತ್ತಿತ್ತು. ಸುಣ್ಣದ ಗೆರೆಯ ಆಚೆ ಬೇವಿನ ಗಿಡದ ಕೆಳಗೆ ಬಿಳಿ ಧೋತರದ ಹಿರಿಯರೊಬ್ಬರು ನಿಂತಿರುತ್ತಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹುಡುಗಿಯರು ಒಬ್ಬೊಬ್ಬರಾಗಿ ಅವರ ಹತ್ತಿರ ಬಂದು, ಕೊರಳಿನ ಶಿವದಾರ ಬಿಚ್ಚಿ, ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವರ ಅಂಗೈಯಲ್ಲಿ ಇಡುತ್ತಿದ್ದರು. ಅವರ ಕೊರಳಿನಿಂದ ಎದೆಯ ಮೇಲೆ ಇಳಿಬಿದ್ದ ಬಿಳಿ ಚೀಲವೊಂದಿತ್ತು. ಅದಕ್ಕೆ ಆರು ಕಿಸೆ. ಐದರಲ್ಲಿ ಐವರ ಲಿಂಗ, ಆರನೆಯದರಲ್ಲಿ ಗೌಂಡಿ ಬುರಹಾನನ ಮಗಳ ತಾವೀಜು. ಆರೂ ತುಂಬಿದ ಮೇಲೆ ಅವರು ಚೀಲದ ಬಾಯಿಗೆ ಗಂಟು ಹಾಕಿ, "ಹೋಗ್ರಿನ್ನ, ಬಡ್ಕೊಂಡು ಬರ್ರಿ" ಎನ್ನುತ್ತಿದ್ದರು.

ಅವರೇ ರಾಚಯ್ಯನವರು. ಮೂವತ್ತೊಂದು ವರ್ಷ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನ ಕಂಡಕ್ಟರ್ ಆಗಿದ್ದವರು. ಉಮರ್ಗಾ, ನಿಲಂಗಾ, ಉದಗೀರದ ದಾರಿಯಲ್ಲಿ ಅವರಿಗೆ ಗೊತ್ತಿಲ್ಲದ ತಿರುವಿರಲಿಲ್ಲ. ಸರ್ವಿಸಿನ ಕಾಲದಿಂದಲೂ ಅವರಿಗೊಂದು ಚಟ. ಬಸ್ಸಿನಲ್ಲಿ ಯಾರಾದರೂ ಬಿಟ್ಟು ಹೋದ ಸಾಮಾನು ಆವತ್ತೇ ಅವರ ಮನೆ ಮುಟ್ಟಬೇಕು. ಕೊಡೆ, ಬುತ್ತಿ ಡಬ್ಬಿ, ಮದುಮಗಳ ಕುಬಸದ ಗಂಟು, ಒಮ್ಮೆ ತುರೋರಿಯ ಮುದುಕಿಯೊಬ್ಬಳ ಜೀವಂತ ಕೋಳಿ. ಡ್ಯೂಟಿ ಮುಗಿಸಿ ಸೈಕಲ್ಲಿನ ಮೇಲೆ ಆ ಕೋಳಿಯನ್ನು ಕೂರಿಸಿಕೊಂಡು ಹೋಗಿ ಕೊಟ್ಟು ಬಂದಿದ್ದರು. "ಇನ್ನೊಬ್ಬರ ವಸ್ತ ಮನ್ಯಾಗ ಇಟ್ಕೊಂಡು ನಂಗ ನಿದ್ದಿ ಬರಂಗಿಲ್ಲ" ಎಂಬುದು ಅವರ ಮಾತು. ಹೆಂಡತಿ ರಂಭಾಬಾಯಿ, "ಆ ಕೋಳಿ ಆವತ್ತು ಮರ್ತಿದ್ರೂ ನಾವೇನು ತಿನ್ನವ್ರಲ್ಲ ಬಿಡ್ರಿ" ಎಂದು ನಗುತ್ತಿದ್ದರು.

ರಗ್ಬಿಗೂ ಅವರಿಗೂ ಗಂಟು ಬಿದ್ದದ್ದು ಬಸ್ಸಿನಲ್ಲೇ. ನಿವೃತ್ತರಾದ ಹೊಸತರಲ್ಲಿ ಪಾಸ್ ಹಿಡಿದು ನಿಲಂಗಾಕ್ಕೆ ಹೊರಟಿದ್ದಾಗ ಹತ್ತು ಹನ್ನೆರಡು ಕಾಲೇಜು ಹುಡುಗಿಯರು ಬಸ್ಸು ಹತ್ತಿದರು. ಒಬ್ಬಳ ಮಡಿಲಲ್ಲಿ ಮೊಟ್ಟೆಯಾಕಾರದ ಚೆಂಡು.

"ಇದೇನ ಯವ್ವ, ಚೆಂಡೋ ಕುಂಬಳಕಾಯೋ?"

"ರಗ್ಬಿ ಚೆಂಡ ಮುತ್ಯಾ. ಕೈಯಾಗ ಹಿಡ್ಕೊಂಡು ಓಡೂದು. ಅಡ್ಡ ಬಂದೋರು ನಮ್ಮನ್ನ ಕೆಡವತಾರ."

"ಕೆಡವಿದ ಮ್ಯಾಲ?"

"ಎದ್ದು ಮತ್ತ ಓಡೂದು."

ನೋಡಿಯೇ ಬಿಡೋಣ ಎಂದು ಅವರೂ ಇಳಿದರು. ನಿಲಂಗಾದ ಮೈದಾನದಲ್ಲಿ ಆಟ ಶುರುವಾಗದೆ ನಿಂತಿತ್ತು. ಕೊರಳಲ್ಲಿ ಏನೂ ಇರಕೂಡದು ಎಂದು ಆಟದ ಪಂಚರು, ಅಂದರೆ ರೆಫರಿ, ಹೇಳಿದ್ದರು. ಲಿಂಗ ತೆಗೆಯುವುದಿಲ್ಲ ಎಂದು ಐವರು ಹುಡುಗಿಯರು ಹಟ ಹಿಡಿದು ನಿಂತಿದ್ದರು. ಪಂಚರು ಗಡಿಯಾರ ನೋಡುತ್ತಿದ್ದರು. ರಾಚಯ್ಯನವರು ಮನೆತನದಿಂದ ಜಂಗಮರು, ಸುತ್ತಲ ಊರುಗಳಲ್ಲಿ ಎಷ್ಟೋ ಕೂಸುಗಳಿಗೆ ಲಿಂಗ ಕಟ್ಟಿದವರು. ಅವರು ಗೆರೆ ದಾಟಿ ಒಳಗೆ ಹೋಗಿ, "ನೆಲಕ್ಕ ಇಡಬ್ಯಾಡ್ರಿ, ಗೂಟಕ್ಕ ಹಾಕಬ್ಯಾಡ್ರಿ. ನನ್ನ ಕೊಳ್ಳಿಗಿ ಹಾಕ್ರಿ. ಮೈ ಬಿಟ್ಟು ಮೈಗಿ ಬಂದ್ರ ಶಿವ ಏನೂ ಅನ್ನಂಗಿಲ್ಲ" ಎಂದರು. ಆವತ್ತು ಐದು ಶಿವದಾರ ಕೊರಳಿಗೆ ಹಾಕಿಕೊಂಡು ನಿಂತವರು ಆಟ ಮುಗಿಯುವ ತನಕ ಕೂರಲಿಲ್ಲ, ಚಹಾ ಕುಡಿಯಲಿಲ್ಲ. ಮುಂದಿನ ವಾರವೇ ರಂಭಾಬಾಯಿ ಚೀಲ ಹೊಲಿದುಕೊಟ್ಟರು. ಹಾಗೆ ನಾಲ್ಕು ವರ್ಷ ನಡೆಯಿತು.

ಈಗಿನ ಐವರಲ್ಲಿ ಸಾಸ್ತೂರಿನ ಯೋಗಿತಾ ಮೂರು ವರ್ಷದ ಹಿಂದೆ ಬಂದು ಸೇರಿದವಳು. ಹುಟ್ಟಿದ ಎಂಟನೆಯ ದಿನ ಅವಳಿಗೆ ಲಿಂಗ ಕಟ್ಟಿದವರು ರಾಚಯ್ಯನವರೇ. ತಂಡ ಆಡಿಸುತ್ತಿದ್ದ ಸಂಜುಕುಮಾರ ಅವಳನ್ನು ಅಂಚಿನ ಗೆರೆಯ ಹತ್ತಿರ ನಿಲ್ಲಿಸುತ್ತಿದ್ದ. ಚೆಂಡು ಕೈಯಿಂದ ಕೈಗೆ ಬಂದು ಕೊನೆಗೆ ಅವಳಿಗೆ ಸಿಕ್ಕಿತೆಂದರೆ ಹಿಂದೆ ಬಿದ್ದವರಿಗೆ ಅವಳ ಧೂಳು ಮಾತ್ರ ಸಿಗುತ್ತಿತ್ತು. "ಪಳ ಯೋಗೀ, ಪಳ ಪಳ!" ಎಂದು, ಓಡು ಓಡು ಎಂದು, ಹುಡುಗಿಯರೆಲ್ಲ ಮರಾಠಿಯಲ್ಲಿ ಕೂಗುವಾಗ ರಾಚಯ್ಯನವರು ಎರಡೂ ಕೈಯಿಂದ ಚೀಲ ಒತ್ತಿ ಹಿಡಿದು ನಿಂತಲ್ಲೇ ಹೆಜ್ಜೆ ಕುಣಿಸುತ್ತಿದ್ದರು.

ಅವಳ ಮನೆಯಲ್ಲಿ ಈ ವಿಷಯ ಗೊತ್ತಿರಲಿಲ್ಲ. ಐತವಾರ ಕಂಪ್ಯೂಟರ್ ಕ್ಲಾಸು ಎಂದು ಹೇಳಿ ಬರುತ್ತಿದ್ದಳು. ಒಂದು ದಿನ ಶಿವದಾರ ಕಟ್ಟಿಕೊಳ್ಳುತ್ತಾ, "ಮುತ್ಯಾ, ನೀವು ನಮ್ಮ ಊರಿಗಿ ಬರ್ತೀರಿ, ಹೋಗ್ತೀರಿ. ನಮ್ಮ ಆಯಿ ಮುಂದ ಆಟದ ಮಾತು ತೆಗೀಬ್ಯಾಡ್ರಿ. ಮಾತು ಕೊಡ್ರಿ" ಎಂದು ಕೈ ಚಾಚಿದಳು. ಆಯಿ ಎಂದರೆ ಅಜ್ಜಿ ಪ್ರೇಮಾಬಾಯಿ. ರಾಚಯ್ಯನವರು ಯೋಚಿಸದೆ ಅವಳ ಕೈಮೇಲೆ ಕೈಯಿಟ್ಟರು.

ಈ ವರ್ಷ ಚಳಿಗಾಲದಲ್ಲಿ ಉದಗೀರದಲ್ಲಿ ದೊಡ್ಡ ಪಂದ್ಯವಿತ್ತು. ರಾಜ್ಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಪುಣೆಯಿಂದ ಬಂದಿದ್ದರು. ಯೋಗಿತಾ ಮೂರು ಸಲ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದಳು. ಇನ್ನು ಹದಿನೈದು ದಿನಕ್ಕೆ ಶುರುವಾಗುವ ಪುಣೆಯ ಶಿಬಿರಕ್ಕೆ ಹೋಗುವವರ ಪಟ್ಟಿಯಲ್ಲಿ ಅವಳ ಹೆಸರನ್ನು ಅಲ್ಲಿಯೇ ಓದಿದರು. ಹುಡುಗಿಯರು ಅವಳನ್ನು ಎತ್ತಿ ಕುಣಿಯುತ್ತಿರುವಾಗಲೇ ಅವಳ ಫೋನು ರಿಂಗಾಯಿತು. ಸಂತೆಗೆ ಉಮರ್ಗಾಕ್ಕೆ ಬಂದಿದ್ದ ಕಾಕಾ ಕೈಲಾಸ, ಮೂರು ಗಂಟೆಗೆ ಕ್ಲಾಸಿನ ಮುಂದೆ ಮೋಟಾರ್ ಸೈಕಲ್ ತರುತ್ತೇನೆ, ಜೊತೆಗೆ ಊರಿಗೆ ಹೋಗೋಣ ಎಂದ. ಆಗ ಹನ್ನೆರಡು ಆಗಲು ಬಂದಿತ್ತು. ಉದಗೀರದಿಂದ ಉಮರ್ಗಾಕ್ಕೆ ಮೂರು ತಾಸಿನ ದಾರಿ. ಆಟದ ಅಂಗಿಯ ಮೇಲೆಯೇ ಸಲ್ವಾರ್ ಕಮೀಜು ಏರಿಸಿ, ಬೂಟು ಕೈಯಲ್ಲಿ ಹಿಡಿದು, ಅವಳು ಸ್ಟ್ಯಾಂಡಿನ ಕಡೆಗೆ ಓಡಿಬಿಟ್ಟಳು.

ಉಳಿದವರು ಬಂದು ತಮ್ಮ ತಮ್ಮ ಲಿಂಗ ಕಟ್ಟಿಕೊಂಡರು. ತಾವೀಜೂ ಹೋಯಿತು. ರಾಚಯ್ಯನವರು ರೂಢಿಯಂತೆ ಚೀಲ ತಡವಿದರು. ಎರಡನೆಯ ಕಿಸೆ ಗಟ್ಟಿಯಾಗಿ ಕೈಗೆ ಹತ್ತಿತು.

ಫೋನು ಮಾಡಿದರು. ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲವೋ ಏನೋ, ಎತ್ತಲಿಲ್ಲ. ಮತ್ತೆ ಮಾಡಿದಾಗ ಸ್ವಿಚ್ ಆಫ್ ಆಗಿತ್ತು.

"ನಾಳಿ ಕಾಲೇಜಿನ್ಯಾಗ ಆಕಿ ಗೆಳತಿ ಉಮಾಶ್ರೀ ಕೈಲಿ ಕೊಟ್ರಾತು ಬಿಡ್ರಿ ಅಯ್ನೋರ" ಎಂದ ಸಂಜುಕುಮಾರ.

"ಸಂಜೀಕ ಮನ್ಯಾಗ ಎಲ್ಲಾರೂ ಪೂಜಾಕ್ಕ ಕುಂದರತಾರ. ಆಕಿ ಕೊಳ್ಳು ಬರಿದಿದ್ರ ಕಾಣಂಗಿಲ್ಲೇನ? ಲಿಂಗ ಇಲ್ಲದ ಉಂತಾಳೇನ?"

"ಖರೆ. ಆದ್ರ ನೀವು ಹೋಗಿ ಏನಂತ ಹೇಳ್ತೀರಿ?"

ಅದನ್ನೇ ಅವರು ಬಸ್ಸಿನಲ್ಲಿ ಕೂತು ಯೋಚಿಸಿದರು. ಪರಿಚಯದ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟಿದ್ದ. ನಿಲಂಗಾ ಬರುವ ಹೊತ್ತಿಗೆ ಸುಳ್ಳು ಸಿದ್ಧವಾಗಿತ್ತು. ಉಮರ್ಗಾ ಸ್ಟ್ಯಾಂಡಿನ ಬೆಂಚಿನ ಮೇಲೆ ಸಿಕ್ಕಿತು, ದಾರ ಹರಿದು ಬಿದ್ದಿರಬೇಕು, ನಾನೇ ಕಟ್ಟಿದ ಲಿಂಗ ನನಗೆ ಗುರುತು ಸಿಗದೇ ಇದ್ದೀತೇ. ಬಿಟ್ಟು ಹೋದ ವಸ್ತು ತಂದುಕೊಡುವ ರಾಚಯ್ಯನ ಮಾತನ್ನು ಆ ಸೀಮೆಯಲ್ಲಿ ಯಾರು ತಾನೇ ನಂಬುವುದಿಲ್ಲ? ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ. ತುಟಿ ಅಲುಗಿಸುತ್ತಾ ಆ ಸುಳ್ಳನ್ನೇ ಪಾಠದಂತೆ ಒಪ್ಪಿಸಿಕೊಂಡರು.

ಸಾಸ್ತೂರಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಭೂಕಂಪದ ನಂತರ ಕಟ್ಟಿದ ಊರು. ಸಾಲಿಗೆ ಸಾಲು ಒಂದೇ ಅಳತೆಯ ಮನೆಗಳು. ಅಂಗಳದಲ್ಲಿ ಪ್ರೇಮಾಬಾಯಿ ತೊಗರಿ ಹಸನು ಮಾಡುತ್ತಿದ್ದರು. ಅವರ ಮಗ, ಯೋಗಿತಾಳ ಅಪ್ಪ ಸಿದ್ಧೇಶ್ವರ ಆಗತಾನೆ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ತಲೆನೋವೆಂದು ಒಳಗೆ ಮಲಗಿದ್ದ ಯೋಗಿತಾ ಅವರ ದನಿ ಕೇಳಿ ಬಾಗಿಲಿಗೆ ಬಂದಳು. ಓಢಣಿಯನ್ನು ಕೊರಳಿಗೆ ಸುತ್ತಿಕೊಂಡಿದ್ದಳು.

ರಾಚಯ್ಯನವರು ಕರಡಿಗೆಯನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡರು. "ತಾಯಿ, ಇದು ನಿಮ್ಮ ಹುಡುಗೀದು" ಎಂದರು.

ಪ್ರೇಮಾಬಾಯಿ ಅದನ್ನು ನೋಡಿದರು, ಮೊಮ್ಮಗಳ ಕೊರಳನ್ನು ನೋಡಿದರು. ಬೈಯಲಿಲ್ಲ. ಮೊರ ಬದಿಗಿಟ್ಟು ರಾಚಯ್ಯನವರ ಕಾಲ ಹತ್ತಿರ ಕುಸಿದು ಕೂತರು.

"ಅಯ್ನೋರ, ನಿಮ್ಮ ಪುಣ್ಯ ದೊಡ್ಡದು. ಭೂಕಂಪದಾಗ ನಮ್ಮ ಮನಿಯವ್ರನ್ನ ಮೂರನೇ ದಿನ ಮಣ್ಣಾಗಿಂದ ತಗದ್ರು. ಕೊಳ್ಳಾಗ ದಾರ ಇತ್ತು, ಲಿಂಗ ಇದ್ದಿಲ್ಲ. ಮಣ್ಣ ಮಾಡೂ ಮುಂದ ಎಡಗೈಯಾಗ ಲಿಂಗ ಇಟ್ಟು ಕಳಸಬೇಕು, ನಾ ಏನ್ ಇಡ್ಲಿ? ಖಾಲಿ ಕೈಲಿ ಹೋದ್ರು. ಆರು ತಿಂಗಳು ಆ ಮಣ್ಣು ಜರಡಿ ಹಿಡದೀನಿ ನಾ. ಸಿಗಲಿಲ್ಲ." ಸೆರಗಿನಿಂದ ಮೂಗೊರೆಸಿಕೊಂಡರು. "ನಮ್ಮ ಕೂಸಿಂದು ನಿಮ್ಮ ಕೈಗಿ ಸಿಕ್ಕದ. ಎಲ್ಲಿ ಬಿದ್ದಿತ್ತರೀ?"

ಅನುಮಾನದ ಪ್ರಶ್ನೆಯಲ್ಲ ಅದು. ಸಂತೋಷಕ್ಕೆ ಕೇಳಿದ್ದು. ಸ್ಟ್ಯಾಂಡಿನ ಬೆಂಚು ಎಂದು ಎರಡು ಶಬ್ದ ಆಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲಲ್ಲಿ ಯೋಗಿತಾಳ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ರಾಚಯ್ಯನವರು ಬಾಯಿ ತೆರೆದರು. ಅಂಗೈಯ ಮೇಲೆ ಲಿಂಗವಿತ್ತು. ಕಲಿತ ಪಾಠವೆಲ್ಲ ಮರೆತುಹೋಯಿತು.

"ಬಿದ್ದಿದ್ದಿಲ್ಲ ತಾಯಿ. ಉದಗೀರದಾಗ ಆಕಿ ಆಟ ಇತ್ತು. ಆಡೂ ಮುಂದ ಬಿಚ್ಚಿ ನನ್ನ ಕೈಯಾಗ ಕೊಡ್ತಾಳ. ಮೂರು ವರ್ಷ ಆತು."

ಯೋಗಿತಾ ಒಳಗೆ ಹೋದಳು. ಸಿದ್ಧೇಶ್ವರ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟ. ಎಲ್ಲವನ್ನೂ ಕೇಳಿ ತಿಳಿದುಕೊಂಡ. ಪುಣೆಯ ಶಿಬಿರದ ಮಾತು ಬಂದಾಗ ಅವನ ಮುಖದಲ್ಲಿ ಒಂದು ಗಳಿಗೆ ಬೆಳಕೂ ಆಡಿತು.

"ಆಟಕ್ಕ ನಂದೇನೂ ತಕರಾರಿಲ್ಲ ಅಯ್ನೋರ. ಸುಳ್ಳು ಹೇಳಿದ್ದಕ್ಕ ನಾಕ್ ದಿನ ಸಿಟ್ಟಾಗಿ ಸುಮ್ನಾಗ್ತಿದ್ದೆ. ಆದ್ರ ಲಿಂಗ ಬಿಚ್ಚೂದು ಅಂದ್ರ..." ಅವನು ತಾಯಿಯ ಕಡೆ ನೋಡಿ ನಿಲ್ಲಿಸಿದ.

"ಮೈ ಬಿಟ್ಟಿಲ್ಲ ತಾಯಿ. ನನ್ನ ಕೊಳ್ಳಾಗ ಇತ್ತು" ಎಂದರು ರಾಚಯ್ಯನವರು.

"ನಿಮ್ಮ ಕೊಳ್ಳು ನಿಮ್ದು ಅಯ್ನೋರ" ಎಂದರು ಪ್ರೇಮಾಬಾಯಿ ಮೆಲ್ಲಗೆ. "ಆಕಿ ಬೀಳ್ತಾಳ, ಏಳ್ತಾಳ ಅಂತೀರಿ. ಬಿದ್ದಾಕಿ ಏಳಲಿಲ್ಲಂದ್ರ? ಕೊಳ್ಳಾಗ ಇಟ್ಕೊಂಡು ಆಡೂದಿದ್ರ ಆಡ್ಲಿ. ಇಲ್ಲಂದ್ರ ಬ್ಯಾಡ."

ಅವರನ್ನು ಉಣ್ಣಲು ಕರೆದರು. ಉಂಡು ಬಂದರು. ಯೋಗಿತಾ ತಟ್ಟೆ ನೋಡುತ್ತಲೇ ಬಡಿಸಿದಳು.

ಮನೆಗೆ ಬಂದು ಎಲ್ಲ ಹೇಳಿದಾಗ ರಂಭಾಬಾಯಿ ಅವರ ಕೊರಳಿನ ಖಾಲಿ ಚೀಲ ತೆಗೆದು ಗೂಟಕ್ಕೆ ಹಾಕಿದರು. ಆಮೇಲೆ, "ಸುಳ್ಳು ಹೇಳಾಕ ಬರಲಾರದವ್ರು ಆ ಹುಡುಗಿಗಿ ಮಾತ್ಯಾಕ ಕೊಟ್ರಿ?" ಎಂದರು. 

ಮರುದಿನವೇ ಅವರು ನಿಲಂಗಾಕ್ಕೆ ಹೋಗಿ ಪಂಚರ ಮನೆ ಹುಡುಕಿದರು. ಲಿಂಗವನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿ, ಮೈಗೆ ಪಟ್ಟಿ ಕಟ್ಟಿ, ಅಂಗಿಯ ಒಳಗೆ ಇಟ್ಟುಕೊಂಡರೆ ನಡೆದೀತೇ ಎಂದು ಕೇಳಿದರು. ರಂಭಾಬಾಯಿ ಹೊಲಿದುಕೊಟ್ಟಿದ್ದ ಪಟ್ಟಿಯನ್ನೂ ತೋರಿಸಿದರು. ಪಂಚರು ಒಳ್ಳೆಯವರು. ಪಟ್ಟಿಯನ್ನು ಹೊರಳಿಸಿ ನೋಡಿ, "ಅಜ್ಜಾ, ನಾಕ್ ಮಂದಿ ಮ್ಯಾಲ ಬಿದ್ದಾಗ ಇದು ಎದಿಗಿ ಚುಚ್ಚಿದ್ರ? ಇದು ನನ್ನ ಕೈಯಾಗಿಲ್ಲ. ಪುಣೆದಾಗೂ ಇದೇ ನೇಮ" ಎಂದು ಚಹಾ ಕುಡಿಸಿ ಕಳಿಸಿದರು.

ಶಿಬಿರ ಶುರುವಾಗುವ ದಿನ ಬಂದು ಹೋಯಿತು. ಅವಳ ಜಾಗಕ್ಕೆ ಬೇರೆ ಊರಿನವಳು ಹೋದಳಂತೆ.

ಮಾತು ಮುರಿದವನು ಮಂದಿಯ ಲಿಂಗ ಹಿಡಿಯಬಾರದೆಂದು ರಾಚಯ್ಯನವರು ಮೂರು ಐತವಾರ ಮೈದಾನದ ಕಡೆಗೆ ಸುಳಿಯಲಿಲ್ಲ. ಕೊನೆಗೆ ಉಮಾಶ್ರೀ ಮನೆಗೇ ಬಂದಳು. ಗುಂಪಿನಲ್ಲಿ ಎಲ್ಲರಿಗಿಂತ ಬಾಯಾಳಿ ಅವಳು. "ಮುತ್ಯಾ, ಚೀಲ ಗೂಟಕ್ಕ ಹಾಕಿ ನೀವಿಲ್ಲಿ ಕುಂತೀರಿ, ನಾವು ಅಲ್ಲಿ ಆಟ ಬಿಟ್ಟು ಕುಂತೀವಿ. ಬರ್ತೀರೋ, ಎಲ್ಲಾರನ್ನೂ ಕರಕೊಂಡು ಬಂದು ನಿಮ್ಮ ಅಂಗಳದಾಗೇ ಆಡ್ಲೋ?" ಎಂದು ದಬಾಯಿಸಿದಳು. ಮರುದಿನ ಅವರು ಹೋದರು.

ಬೇವಿನ ಗಿಡದ ಕೆಳಗೆ ಯೋಗಿತಾ ನಿಂತಿದ್ದಳು. ಹಳದಿ ಸಲ್ವಾರ್ ಕಮೀಜು, ಕಾಲಲ್ಲಿ ಚಪ್ಪಲಿ. ನೋಡಲು ಹೋಗಲಿಕ್ಕೆ ಆಯಿ ಒಪ್ಪಿದ್ದರಂತೆ.

ರಾಚಯ್ಯನವರು ಹತ್ತಿರ ಹೋಗಿ ನಿಂತರು. "ನನ್ನ ಮ್ಯಾಲ ಸಿಟ್ಟದೇನ ಯವ್ವ?"

"ಅದ ಮುತ್ಯಾ." ಮೈದಾನದ ಕಡೆ ನೋಡುತ್ತಲೇ ಹೇಳಿದಳು. "ಮುಂದ ಹೋಗ್ತದೋ ಏನೋ. ಈಗ ಅದ."

"ಇರ್ಲಿ ಯವ್ವ. ಇರಬೇಕು."

ಹುಡುಗಿಯರು ಬಂದು ಲಿಂಗ ಕೊಟ್ಟರು. ನಾಲ್ಕು ಲಿಂಗ, ಒಂದು ತಾವೀಜು. ಎರಡನೆಯ ಕಿಸೆ ಚಪ್ಪಟೆಯಾಗಿ ಉಳಿಯಿತು. ಗಂಟು ಹಾಕುವ ಮೊದಲು ಅವರ ಬೆರಳು ರೂಢಿಯಂತೆ ಆ ಕಿಸೆಯನ್ನೂ ತಡವಿದ್ದನ್ನು ಅವಳು ನೋಡಿದಳು.

"ನೀವು ಕುಂದರ್ರಿ. ಚೀಲ ಕೊಡ್ರಿ ಇಲ್ಲಿ."

ತನ್ನ ಲಿಂಗದ ಮೇಲೆಯೇ ಆ ಚೀಲವನ್ನು ಕೊರಳಿಗೆ ಹಾಕಿಕೊಂಡು ಅವಳು ಗೆರೆಯ ಪಕ್ಕದಲ್ಲಿ ನಿಂತಳು. ನಾಲ್ಕು ವರ್ಷದಲ್ಲಿ ಮೊದಲ ಸಲ ರಾಚಯ್ಯನವರು ಆಟದ ಹೊತ್ತಿನಲ್ಲಿ ಕಲ್ಲಿನ ಮೇಲೆ ಕೂತರು.

ಆಟ ಶುರುವಾಯಿತು. ಚೆಂಡು ಕೈಯಿಂದ ಕೈಗೆ ಹಾರುತ್ತಾ ಅಂಚಿನ ಕಡೆಗೆ, ಅವಳ ಹಳೆಯ ಜಾಗದ ಕಡೆಗೆ ಬಂತು. ಯಾರೋ ಅಭ್ಯಾಸದಿಂದ "ಪಳ ಯೋಗೀ!" ಎಂದು ಕೂಗಿಯೇಬಿಟ್ಟರು. ಯೋಗಿತಾಳ ಬಲಗಾಲು ಮುಂದಕ್ಕೆ ನುಗ್ಗಿತು, ಚಪ್ಪಲಿ ಕಳಚಿ ಸುಣ್ಣದ ಗೆರೆಯ ಮೇಲೆ ಬಿತ್ತು. ಚೀಲ ಜೋಲಿ ಹೊಡೆಯಿತು. ಅವಳು ಎರಡೂ ಕೈಯಿಂದ ಅದನ್ನು ಎದೆಗೆ ಒತ್ತಿ ಹಿಡಿದು, ಕಾಲು ಹಿಂದಕ್ಕೆ ತೆಗೆದುಕೊಂಡಳು.

ರಾಚಯ್ಯನವರು ಹೆದ್ದಾರಿಯ ಕಡೆಗೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ನಿಧಾನಕ್ಕೆ ಬಗ್ಗಿ, ಅವಳ ಚಪ್ಪಲಿಯ ಸುಣ್ಣ ಒರೆಸಿ ಕಾಲ ಹತ್ತಿರ ಇಟ್ಟರು.